ಬೀಗಕ್ಕೆ ಬೇಕಾದ ಸಾಕ್ಷಿ

‘ಸಾಬ್ರೇ, ಗಾಡಿ ಸ್ಟಾರ್ಟ್ ಆಗ್ತದೆ. ಆದ್ರೆ ಗೇರು ಪಿ ಬಿಟ್ಟು ಅಲ್ಲಾಡ್ತಿಲ್ಲ.’

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ನನಗೆ ಬರುವ ಫೋನುಗಳಲ್ಲಿ ಈಗೀಗ ಈ ಮಾತು ಹೆಚ್ಚು ಕೇಳಿಸುತ್ತಿದೆ. ಮೂವತ್ತು ವರ್ಷಗಳಿಂದ ನಾನು ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು. ಮೊದಲ ಇಪ್ಪತ್ತು ವರ್ಷಗಳಲ್ಲಿ ಈ ದೂರು ಬಂದದ್ದು ಬೆರಳೆಣಿಕೆಯಷ್ಟು. ಆಗಿನ ದೂರುಗಳೇ ಬೇರೆ. ಸೆಲ್ಫ್ ಎತ್ತುತ್ತಿಲ್ಲ, ಡೈನಮೊ ಚಾರ್ಜ್ ಕೊಡುತ್ತಿಲ್ಲ, ಹಾರ್ನ್ ತಾನೇ ಕೂಗಿಕೊಳ್ಳುತ್ತಿದೆ ಎಂದು ಜನ ಬರುತ್ತಿದ್ದರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಫಿ ತೋಟದ ಮಹೀಂದ್ರ ಜೀಪುಗಳ ಕಾಲ ಅದು. ಗೇರು ಬೀಳದಿದ್ದರೆ ಅದು ಮೆಕ್ಯಾನಿಕ್‌ನ ಪಾಲಿನ ಕೆಲಸ, ವೈರಿಂಗಿನವನಿಗೆ ಅಲ್ಲಿ ಜಾಗವಿರಲಿಲ್ಲ.

ಈಗ ಗೇರಿಗೂ ವೈರಿಗೂ ನಂಟು ಬೆಳೆದಿದೆ. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಗಾಡಿಗಳು ನಮ್ಮ ಜಿಲ್ಲೆಗೆ ಬಂದದ್ದು ನಿಧಾನವಾಗಿ. 2014ರಲ್ಲಿ ಮಾರುತಿಯ ಸೆಲೆರಿಯೊ ಕಡಿಮೆ ಬೆಲೆಯಲ್ಲಿ ಆ ಅನುಕೂಲವನ್ನು ತಂದಿತು. ಅದರ ಗೇರಿನಲ್ಲಿ ‘ಪಿ’ ಎಂಬ ಜಾಗವೇ ಇರಲಿಲ್ಲ. ಗೇರಿನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆದರೆ ಮುಗಿಯಿತು. ಆದರೆ ಒಮ್ಮೆ ಎಡಗಾಲಿಗೆ ವಿಶ್ರಾಂತಿಯ ರುಚಿ ಹತ್ತಿದ ಮೇಲೆ ಜನ ನಿಜವಾದ ಆಟೊಮ್ಯಾಟಿಕ್‌ಗಳತ್ತ ಹೊರಳಿದರು. ಮಂಡಿನೋವಿನ ನಿವೃತ್ತರು, ತಾವೇ ಗಾಡಿ ಓಡಿಸುವ ಹೆಣ್ಣುಮಕ್ಕಳು, ಬೆಂಗಳೂರಿನ ಮಗ ಹೊಸ ಗಾಡಿ ಕೊಂಡಾಗ ಅವನ ಹಳೆಯದನ್ನು ಊರಿಗೆ ತರಿಸಿಕೊಂಡ ತಂದೆತಾಯಿಗಳು – ಇವರೆಲ್ಲರ ಗಾಡಿಗಳಲ್ಲಿ ಪಿ ಇದೆ, ಅದಕ್ಕೊಂದು ಬೀಗವೂ ಇದೆ. ಆ ಬೀಗ ತೆರೆಯದ ದಿನ ನನಗೆ ಫೋನು ಬರುತ್ತದೆ.

ಈ ಬೀಗವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಜಾತ್ರೆಯಲ್ಲಿ ತೇರು ನಿಂತಾಗ ಗಾಲಿಯ ಅಡಿಗೆ ಮರದ ತುಂಡು ಕೊಡುತ್ತಾರಲ್ಲ, ಪಿ ಅಂದರೆ ಅದೇ. ಗೇರ್‌ಬಾಕ್ಸಿನ ಒಳಗೆ, ಗಾಲಿಗಳ ಕಡೆಗೆ ಹೋಗುವ ಶಾಫ್ಟಿನ ಮೇಲೆ ಒಂದು ಹಲ್ಲಿನ ಚಕ್ರ ಇರುತ್ತದೆ. ಗೇರಿನ ಕೋಲನ್ನು ಪಿಗೆ ತಂದಾಗ ಬೆರಳಿನಂಥ ಒಂದು ಕಬ್ಬಿಣದ ತುಂಡು ಆ ಹಲ್ಲುಗಳ ನಡುವೆ ಬಂದು ಕೂರುತ್ತದೆ. ಇಡೀ ಗಾಡಿಯನ್ನು ತಡೆದು ನಿಲ್ಲಿಸುವುದು ಆ ಬೆರಳು. ಇದರಲ್ಲಿ ಕರೆಂಟಿನ ಮಾತೇ ಇಲ್ಲ.

ಕರೆಂಟು ಬರುವುದು ಮೇಲೆ, ಕೋಲಿನ ಬುಡದಲ್ಲಿ. ಅಲ್ಲಿ ಸೋಲನಾಯ್ಡ್ ಎಂಬ ಸಣ್ಣ ಸಾಧನ ಇದೆ. ತಂತಿಯ ಸುರುಳಿ, ಅದರ ನಡುವೆ ಕಬ್ಬಿಣದ ಒಂದು ಕಡ್ಡಿ. ಕರೆಂಟು ಹರಿದರೆ ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಸೆಳೆಯುತ್ತದೆ, ಕೋಲು ಬಿಡುಗಡೆಯಾಗುತ್ತದೆ. ಕರೆಂಟು ಇಲ್ಲದಿದ್ದರೆ ಕಡ್ಡಿ ಅಡ್ಡ ನಿಂತಿರುತ್ತದೆ. ಈ ಕಡ್ಡಿ ಸುಮ್ಮನೆ ಸರಿಯುವುದಿಲ್ಲ. ಮೂರು ಸಾಕ್ಷಿ ಕೇಳುತ್ತದೆ. ಕೀ ಆನ್ ಆಗಿದೆಯೆ? ಕೋಲು ಪಿಯಲ್ಲಿಯೇ ಇದೆಯೆ? ಬ್ರೇಕಿನ ಮೇಲೆ ಕಾಲು ಇದೆಯೆ? ಮೂರೂ ಹೌದು ಎಂದರೆ ಮಾತ್ರ ದಾರಿ ಬಿಡುತ್ತದೆ. ಒಬ್ಬ ಸಾಕ್ಷಿ ಬಾಯಿ ಬಿಡದಿದ್ದರೂ ಬೀಗ ತೆರೆಯುವುದಿಲ್ಲ.

ಇದರ ಹಿಂದೆ ಒಂದು ಕತೆಯಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರಿನ ಮೇಲೆ ದೊಡ್ಡ ಆರೋಪ ಬಂತು. ‘ಬ್ರೇಕನ್ನೇ ತುಳಿದಿದ್ದೆವು, ಗಾಡಿ ತಾನಾಗಿ ನುಗ್ಗಿತು’ ಎಂದು ಅನೇಕರು ದೂರಿದರು. 1986ರ ನವೆಂಬರಿನಲ್ಲಿ ಸಿಬಿಎಸ್ ಟಿವಿಯ ‘60 ಮಿನಿಟ್ಸ್’ ಕಾರ್ಯಕ್ರಮ ಇದನ್ನು ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ತೋರಿಸಿದ ಒಂದು ಗಾಡಿಯ ಗೇರ್‌ಬಾಕ್ಸಿಗೆ ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟು ಆಡಿಸಲಾಗಿತ್ತು ಎಂಬುದು ಆಮೇಲೆ ಹೊರಬಂತು. ಅಷ್ಟರಲ್ಲಿ ಕಾರಿನ ಮಾನ ಹೋಗಿತ್ತು. 1985ರಲ್ಲಿ ಆ ದೇಶದಲ್ಲಿ ಸುಮಾರು 74 ಸಾವಿರ ಗಾಡಿ ಮಾರಿದ್ದ ಕಂಪನಿ 1991ರ ಹೊತ್ತಿಗೆ 12 ಸಾವಿರದ ಆಸುಪಾಸಿಗೆ ಇಳಿಯಿತು. 1989ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯ ತನಿಖೆ ಹೇಳಿದ್ದು ಇಷ್ಟು: ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರ ಕಾಲು ಬ್ರೇಕಿನ ಬದಲು ಆಕ್ಸಿಲರೇಟರಿನ ಮೇಲಿತ್ತು. ಅದಕ್ಕೂ ಮೊದಲೇ, 1987ರಲ್ಲಿ, ಕಂಪನಿ ಗಾಡಿಗಳನ್ನು ವಾಪಸು ಕರೆಸಿ ಒಂದು ಬೀಗ ಹಾಕಿಕೊಟ್ಟಿತ್ತು. ಬ್ರೇಕ್ ತುಳಿಯದೆ ಕೋಲು ಪಿ ಬಿಡಬಾರದು ಎಂಬ ಬೀಗ.

ನೋಡಿ, ಕಾಲು ಎಲ್ಲಿದೆ ಎಂಬುದಕ್ಕೆ ಮನುಷ್ಯನ ಮಾತು ಸಾಲದಾದಾಗ ಹುಟ್ಟಿದ ಬೀಗ ಇದು. ಸಾಕ್ಷಿ ಕೇಳುವುದೇ ಅದರ ಕೆಲಸ. ಹೀಗಾಗಿ ಪಿ ಬಿಡದ ಗಾಡಿಯನ್ನು ಕಂಡ ಕೂಡಲೇ ‘ಲಾಕ್ ಕೆಟ್ಟಿದೆ’ ಎನ್ನುವುದು ದುಡುಕು. ನನ್ನ ಕೈಗೆ ಬಂದ ಗಾಡಿಗಳಲ್ಲಿ ಹೆಚ್ಚಿನವುಗಳ ಬೀಗ ಚೆನ್ನಾಗಿಯೇ ಇತ್ತು. ಸಾಕ್ಷಿಗಳಲ್ಲಿ ಯಾರೋ ಒಬ್ಬರು ಹಾಜರಾಗಿರಲಿಲ್ಲ, ಅಷ್ಟೆ.

ಹೊಳೆನರಸೀಪುರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಗಾಡಿ ಅವರ ಮನೆಯ ಮುಂದೆಯೇ ನಾಲ್ಕು ದಿನ ನಿಂತಿತ್ತು. ನಾನು ಹೋಗುವ ಮೊದಲು ಒಂದು ವರ್ಕ್‌ಶಾಪಿನವರು ಬಂದು ನೋಡಿ, ಗೇರಿನ ಕೋಲಿನ ಇಡೀ ಜೋಡಣೆಯನ್ನೇ ಬದಲಾಯಿಸಬೇಕು ಎಂದು ಹೇಳಿ ಹೋಗಿದ್ದರು. ಅದರ ಬೆಲೆ ಮೇಷ್ಟ್ರ ಒಂದು ತಿಂಗಳ ಪಿಂಚಣಿಯನ್ನು ಮೀರುತ್ತಿತ್ತು. ವಾರಕ್ಕೆ ಎರಡು ಸಲ ಹೆಂಡತಿಯನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಬರಬೇಕಾದವರು ಅವರು. ಆ ವಾರ ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದರು.

ನಾನು ಕೇಳಿಕೊಂಡದ್ದು ಒಂದೇ. ‘ಮೇಷ್ಟ್ರೇ, ಬ್ರೇಕ್ ತುಳೀರಿ. ನಾನು ಹಿಂದೆ ನಿಂತ್ಕೋತೀನಿ.’ ಅವರು ತುಳಿದರು. ಹಿಂದಿನ ಕೆಂಪು ದೀಪಗಳಲ್ಲಿ ಒಂದೂ ಹೊತ್ತಲಿಲ್ಲ. ಎಡ, ಬಲ, ಮೇಲಿನದು ಮೂರೂ ಕತ್ತಲು. ಮೂರು ಬಲ್ಬು ಒಂದೇ ದಿನ ಸುಡುವುದು ಅಪರೂಪ. ಆದ್ದರಿಂದ ಮೂರಕ್ಕೂ ಕರೆಂಟು ಹಂಚುವ ಜಾಗವನ್ನು ಹುಡುಕಬೇಕು. ಫ್ಯೂಸ್ ತೆಗೆದು ನೋಡಿದೆ, ಸರಿಯಿತ್ತು. ಪೆಡಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದರೆ ಕಾಣುವ ಬ್ರೇಕ್ ಸ್ವಿಚ್ಚಿಗೆ ಬಂದೆ. ಒಳಗೆ ಬರುವ ವೈರಿನಲ್ಲಿ ಹನ್ನೆರಡು ವೋಲ್ಟ್ ಇತ್ತು. ಪೆಡಲ್ ತುಳಿದಾಗ ಹೊರಗೆ ಹೋಗುವ ವೈರಿನಲ್ಲಿ ಏನೂ ಇರಲಿಲ್ಲ. ಸ್ವಿಚ್ಚಿನ ಒಳಗಿನ ಸಂಪರ್ಕ ಸವೆದು ಹೋಗಿತ್ತು. ಕೆಲವು ನೂರು ರೂಪಾಯಿಯ ಸ್ವಿಚ್ ಹಾಕಿದ ಮೇಲೆ ದೀಪಗಳೂ ಹೊತ್ತಿದವು, ಗೇರೂ ಬಿಟ್ಟಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಆ ಗಾಡಿ ಕೆಡುವ ಮೊದಲಿನ ವಾರಗಳಲ್ಲಿ ಬ್ರೇಕ್ ದೀಪ ಒಮ್ಮೊಮ್ಮೆ ಹೊತ್ತುತ್ತಿರಲಿಲ್ಲ ಎಂದು ಪಕ್ಕದ ಮನೆಯ ಹುಡುಗ ಹೇಳಿದ. ಅಂದರೆ ಹಿಂದಿನಿಂದ ಬರುವ ಬಸ್ಸು ಲಾರಿಗಳಿಗೆ ಈ ಗಾಡಿ ನಿಲ್ಲುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಪಿ ಬಿಡದೆ ಹಟ ಹಿಡಿದ ಆ ಬೀಗ ಮೇಷ್ಟ್ರನ್ನು ಮನೆಯಲ್ಲಿ ಕೂರಿಸಿ, ಮೈಸೂರು ರಸ್ತೆಯಲ್ಲಿ ಆಗಬಹುದಾಗಿದ್ದ ಏನನ್ನೋ ತಪ್ಪಿಸಿತ್ತು. ಯಾರೂ ಅದಕ್ಕೆ ಕೃತಜ್ಞತೆ ಹೇಳುವುದಿಲ್ಲ.

ಹಾಗೆಂದು ದೀಪ ಹೊತ್ತಿದ ಮಾತ್ರಕ್ಕೆ ಬ್ರೇಕ್ ಸ್ವಿಚ್ ನಿರ್ದೋಷಿ ಎಂದು ತೀರ್ಮಾನಿಸುವಂತಿಲ್ಲ. ಈಚಿನ ಎಷ್ಟೋ ಗಾಡಿಗಳಲ್ಲಿ ಆ ಒಂದೇ ಸ್ವಿಚ್ಚಿನೊಳಗೆ ಎರಡು ಜೋಡಿ ಸಂಪರ್ಕಗಳಿರುತ್ತವೆ. ಒಂದು ದೀಪಕ್ಕೆ, ಇನ್ನೊಂದು ಗಾಡಿಯ ಕಂಪ್ಯೂಟರಿಗೆ. ದೀಪದ ಜೋಡಿ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಹಿಂದೆ ಬೆಳಕು ಬರುತ್ತದೆ, ಬೀಗ ಮಾತ್ರ ತೆರೆಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಪೆಡಲಿನ ತೋಳಿನಲ್ಲಿ ಸ್ವಿಚ್ಚನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆ ಹಳತಾಗಿ ಪುಡಿಯಾಗಿ ಬೀಳುತ್ತದೆ. ಆಗ ಕಾಲು ಇಡದಿದ್ದರೂ ‘ಕಾಲು ಇದೆ’ ಎಂದು ಸ್ವಿಚ್ಚು ಹೇಳುತ್ತಲೇ ಇರುತ್ತದೆ. ರಾತ್ರಿಯೆಲ್ಲ ಬ್ರೇಕ್ ದೀಪ ಉರಿದು ಬೆಳಗ್ಗೆ ಬ್ಯಾಟರಿ ಖಾಲಿ. ಅದಕ್ಕಿಂತ ಕೆಟ್ಟದ್ದೆಂದರೆ, ಬ್ರೇಕ್ ತುಳಿಯದೆಯೇ ಗೇರು ಪಿ ಬಿಡುತ್ತದೆ. ಮೌನವಾಗಿರುವ ಸಾಕ್ಷಿಗಿಂತ ಸುಳ್ಳು ಸಾಕ್ಷಿ ಅಪಾಯಕಾರಿ. ಮೌನ ಗಾಡಿಯನ್ನು ನಿಲ್ಲಿಸುತ್ತದೆ, ಸುಳ್ಳು ಅದನ್ನು ಉರುಳಿಸುತ್ತದೆ.

ನನಗೆ ಕೆಲಸ ಕಲಿಸಿದ ಉಸ್ತಾದ್ ಓದು ಬರಹ ಹೆಚ್ಚು ಬಲ್ಲವರಲ್ಲ. ಬಿ.ಎಂ. ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಅವರ ಇಡೀ ಬದುಕು ಕಳೆಯಿತು. ಹನ್ನೆರಡು ವೋಲ್ಟಿನ ಒಂದು ಬಲ್ಬು, ಎರಡು ವೈರು, ತುದಿಗೆ ಒಂದು ಸೂಜಿ. ಇದೇ ಅವರ ಟೆಸ್ಟ್ ಲ್ಯಾಂಪ್. ನಾನು ಮೊದಲ ಮಲ್ಟಿಮೀಟರ್ ಕೊಂಡು ತಂದ ದಿನ ಅವರು ಅದನ್ನು ತಿರುಗಿಸಿ ನೋಡಿ, ‘ಇದು ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಹೇಳ್ತದೆ. ಆ ವೈರು ಕೆಲಸ ಮಾಡ್ತದೋ ಇಲ್ಲವೋ ಹೇಳಲ್ಲ. ಕೆಲಸ ಕೊಟ್ಟು ನೋಡು’ ಎಂದಿದ್ದರು. ಆ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅರಕಲಗೂಡು ಕಡೆಯ ಒಂದು ತೋಟದ ಮನೆಯಲ್ಲಿ.

ಹೊಗೆಸೊಪ್ಪು, ಆಲೂಗೆಡ್ಡೆ, ಶುಂಠಿ ಬೆಳೆಯುವ ಸೀಮೆ ಅದು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದಲ್ಲಿ ಶೆಡ್ಡು, ಶೆಡ್ಡಿನಲ್ಲಿ ರಾಗಿ ಮೂಟೆ, ಮೂಟೆಗಳ ಪಕ್ಕ ಕಾರು. ಗೌಡರು ಆ ಕಾರಿನಲ್ಲಿ ರಾಮನಾಥಪುರದ ಹರಾಜಿಗೆ ಹೋಗಿ ಬರುತ್ತಿದ್ದರು. ಅದರ ಬೀಗ ದಿನಕ್ಕೊಂದು ರೀತಿ. ಬೆಳಗ್ಗೆ ತೆರೆದರೆ ಮಧ್ಯಾಹ್ನ ಇಲ್ಲ. ಹರಾಜಿನ ದಿನ ಸರಿಯಾಗಿ ಕೈಕೊಟ್ಟು, ಗೌಡರು ಬೇರೆಯವರ ಗಾಡಿ ಹತ್ತಿ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಆಗಾಗ ಬಂದು ಹೋಗುವ ದೋಷ ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಮೆಕ್ಯಾನಿಕ್ ಮುಂದೆ ನಿಂತಾಗ ಗಾಡಿ ಸಾಧುವಾಗಿಬಿಡುತ್ತದೆ.

ಬ್ರೇಕ್ ದೀಪ ಹೊತ್ತುತ್ತಿತ್ತು. ಸೋಲನಾಯ್ಡಿನ ಪ್ಲಗ್ ಬಿಚ್ಚಿ ಮೀಟರ್ ಇಟ್ಟರೆ ಹನ್ನೆರಡು ವೋಲ್ಟ್ ಸರಿಯಾಗಿ ತೋರಿಸುತ್ತಿತ್ತು. ಹಾಗಾದರೆ ಸೋಲನಾಯ್ಡೇ ಕೆಟ್ಟಿರಬೇಕು ಎಂದು ಯಾರಾದರೂ ಹೇಳುತ್ತಾರೆ. ನಾನು ಪ್ಲಗ್ ಮತ್ತೆ ಸಿಕ್ಕಿಸಿ, ಸೋಲನಾಯ್ಡಿಗೆ ಕರೆಂಟು ಹರಿಯುತ್ತಿರುವಾಗಲೇ ಹಿಂದಿನಿಂದ ಮೀಟರ್ ಕೊಟ್ಟು ನೋಡಿದೆ. ಹನ್ನೆರಡು ಇದ್ದದ್ದು ಐದರ ಹತ್ತಿರ ಬಂತು. ವೈರಿನ ಹತ್ತಾರು ಎಳೆಗಳಲ್ಲಿ ಒಂದೆರಡು ಮಾತ್ರ ಉಳಿದಿದ್ದರೆ ಹೀಗಾಗುತ್ತದೆ. ಏನೂ ಕೆಲಸವಿಲ್ಲದಾಗ ಆ ಒಂದೇ ಎಳೆಯೂ ಹನ್ನೆರಡು ವೋಲ್ಟನ್ನು ತೋರಿಸುತ್ತದೆ. ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಉಸ್ತಾದರ ಬಲ್ಬು ಇದನ್ನು ಮೀಟರಿಗಿಂತ ಮೊದಲೇ ಹೇಳಿಬಿಡುತ್ತಿತ್ತು, ಏಕೆಂದರೆ ಬಲ್ಬು ತಾನೇ ಒಂದು ಹೊರೆ. (ಕಂಪ್ಯೂಟರಿಗೂ ಏರ್‌ಬ್ಯಾಗಿಗೂ ಹೋಗುವ ವೈರುಗಳಿಗೆ ಮಾತ್ರ ಆ ಬಲ್ಬನ್ನು ತಗುಲಿಸಬಾರದು. ಅದು ಎಳೆಯುವ ಕರೆಂಟನ್ನು ಅವು ತಾಳುವುದಿಲ್ಲ. ಇದನ್ನು ನನ್ನ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ.)

ವೈರನ್ನು ಹಿಡಿದು ಹಿಂದಕ್ಕೆ ಹೋದೆ. ಕಾಲಿಡುವ ಜಾಗದ ಚಾಪೆಯ ಅಡಿಯಲ್ಲಿ, ಬದಿಯ ಪ್ಲಾಸ್ಟಿಕ್ ಪಟ್ಟಿಯ ಹಿಂದೆ, ಇಲಿ ಕಡಿದ ಗುರುತು ಸಿಕ್ಕಿತು. ಪಕ್ಕದಲ್ಲೇ ರಾಗಿ ಹೊಟ್ಟಿನ ಗೂಡು. ತುಂಡು ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ತೋಳು ತೊಡಿಸಿ ಮುಚ್ಚಿದೆ. ಗೌಡರು ಕೇಳಿದರು, ‘ಏನ್ ಬದಲಾಯಿಸಿದ್ರಿ ಸಾಬ್ರೇ?’ ‘ಏನೂ ಇಲ್ಲ ಗೌಡ್ರೇ, ಅರ್ಧ ಅಡಿ ವೈರು.’ ‘ಅಷ್ಟಕ್ಕೆ ಮೂರು ಗಂಟೇನಾ?’

ಈ ಪ್ರಶ್ನೆ ನನಗೆ ಹೊಸದಲ್ಲ. ಇದರಲ್ಲಿ ನಮ್ಮ ಕಸುಬಿನ ಒಂದು ದೊಡ್ಡ ಸಂಕಟ ಅಡಗಿದೆ. ಜನ ಸಾಮಾನಿಗೆ ದುಡ್ಡು ಕೊಡುತ್ತಾರೆ, ಹುಡುಕಿದ್ದಕ್ಕೆ ಕೊಡಲು ಹಿಂಜರಿಯುತ್ತಾರೆ. ಹತ್ತು ಸಾವಿರದ ಹೊಸ ಭಾಗವನ್ನು ಡಬ್ಬಿಯಿಂದ ತೆಗೆದು ತೋರಿಸಿದರೆ ಕೂಲಿಯ ಬಗ್ಗೆ ಮಾತಿಲ್ಲ. ಮೂರು ಗಂಟೆ ಚಾಪೆಯ ಅಡಿಯಲ್ಲಿ ಬಗ್ಗಿ ಅರ್ಧ ಅಡಿ ವೈರು ಹಾಕಿದರೆ ಐನೂರೂ ಜಾಸ್ತಿ ಎನಿಸುತ್ತದೆ. ಹೀಗಿರುವಾಗ ಒಬ್ಬ ಬಡ ಮೆಕ್ಯಾನಿಕ್ ಹುಡುಕುವುದನ್ನು ಬಿಟ್ಟು ಬದಲಾಯಿಸುವುದನ್ನೇ ಕಲಿತರೆ ಆಶ್ಚರ್ಯವೇನು? ಸಾಕ್ಷಿ ವಿಚಾರಣೆಗೆ ಬಿಡಿಗಾಸು ಇಲ್ಲ, ಶಿಕ್ಷೆ ಕೊಟ್ಟರೆ ಮಾತ್ರ ಸಂಬಳ ಎಂದಾದರೆ ನಿರಪರಾಧಿಗಳು ತಪ್ಪಿಸಿಕೊಳ್ಳುವುದು ಹೇಗೆ? ಗೌಡರಿಗೆ ಕಡಿದ ವೈರಿನ ತುಂಡನ್ನು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ಎಳೆ ಎಣಿಸಿದರು. ಏನೂ ಹೇಳದೆ, ಕೇಳಿದಷ್ಟು ಕೊಟ್ಟರು.

ಸ್ಕ್ಯಾನರ್ ಬಂದ ಮೇಲೆ ಹುಡುಕುವ ಕಷ್ಟ ತಪ್ಪಿತು ಎಂದು ತಿಳಿದವರಿದ್ದಾರೆ. ಡ್ಯಾಶ್‌ಬೋರ್ಡಿನ ಅಡಿಯ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಅಂಕಿಗಳು ಬರುತ್ತವೆ. ಪಿ 0571 ಬಂದರೆ ಬ್ರೇಕ್ ಸ್ವಿಚ್ಚಿನ ದಾರಿಯಲ್ಲಿ ತೊಂದರೆ. ಪಿ 0705 ಅಂದರೆ ಗೇರು ಯಾವ ಜಾಗದಲ್ಲಿದೆ ಎಂದು ತಿಳಿಸುವ ಸೆನ್ಸರಿನ ಕಡೆ. ಪಿ 0928 ಅಂದರೆ ಬೀಗದ ಸೋಲನಾಯ್ಡಿನ ದಾರಿ. ಇಲ್ಲಿ ‘ದಾರಿ’ ಎಂಬ ಮಾತನ್ನು ಗಮನಿಸಬೇಕು. ಅಂಕಿ ಹೇಳುವುದು ದಾರಿಯಲ್ಲಿ ಏನೋ ಆಗಿದೆ ಎಂದು. ಅದು ಭಾಗವೋ, ಪ್ಲಗ್ಗೋ, ವೈರೋ, ಅರ್ಥೋ, ಫ್ಯೂಸೋ ಎಂದು ಹೇಳುವುದಿಲ್ಲ. ಪೊಲೀಸರ ಎಫ್‌ಐಆರ್ ಇದ್ದಂತೆ ಅದು. ದೂರು ದಾಖಲಾಗಿದೆ, ತೀರ್ಪು ಬಂದಿಲ್ಲ. ಬ್ಯಾಟರಿ ಕುಗ್ಗಿದಾಗ ಒಟ್ಟೊಟ್ಟಿಗೆ ಏಳೆಂಟು ಅಂಕಿಗಳು ಬಂದು ಇಡೀ ಗಾಡಿಯೇ ಅಪರಾಧಿಯಂತೆ ಕಾಣುವುದೂ ಉಂಟು. ಬ್ಯಾಟರಿ ಸರಿಪಡಿಸಿ ಅಳಿಸಿದರೆ ಒಂದೂ ಮರಳಿ ಬರುವುದಿಲ್ಲ.

ಸ್ಕ್ಯಾನರಿಗಿಂತ ಮೊದಲು ನಾನು ಬಳಸುವುದು ಕಿವಿಯನ್ನು. ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ, ಗಾಜು ಏರಿಸಿ, ಬ್ರೇಕ್ ತುಳಿಯಬೇಕು. ಅನೇಕ ಗಾಡಿಗಳಲ್ಲಿ ಕೋಲಿನ ಬುಡದಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತದೆ. ಸದ್ದು ಬಂದರೆ ಸಾಕ್ಷಿಗಳೆಲ್ಲ ಹಾಜರು, ಕರೆಂಟಿನ ಕೆಲಸ ನಡೆದಿದೆ. ಆಗಲೂ ಕೋಲು ಬರದಿದ್ದರೆ ದೋಷ ಕೇಬಲ್ಲಿನಲ್ಲೋ ಯಂತ್ರದಲ್ಲೋ ಇದೆ. ಸದ್ದು ಬರದಿದ್ದರೆ ಮಾತ್ರ ವೈರಿನ ದಾರಿ ಹಿಡಿಯಬೇಕು. ಅರ್ಧ ಅಲೆದಾಟವನ್ನು ಈ ಒಂದು ಸದ್ದು ತಪ್ಪಿಸುತ್ತದೆ.

ಸದ್ದು ಬಂದೂ ಕೋಲು ಬಾರದ ಗಾಡಿಗಳಲ್ಲಿ ಬಹಳಷ್ಟಕ್ಕೆ ಯಾವ ರೋಗವೂ ಇರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಪಿ ಹಾಕಿ ಕಾಲು ತೆಗೆದರೆ, ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನ ಆ ಕಬ್ಬಿಣದ ಬೆರಳಿನ ಮೇಲೆ ಕೂರುತ್ತದೆ. ಬೆಳಗ್ಗೆ ಅದನ್ನು ಹಲ್ಲಿನಿಂದ ಬಿಡಿಸಲು ಕೋಲನ್ನು ಜಗ್ಗಬೇಕಾಗುತ್ತದೆ. ಕ್ರಮ ಸುಲಭ: ಬ್ರೇಕ್ ತುಳಿದು ನಿಲ್ಲಿಸಿ, ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ಸ್ವಲ್ಪ ಸಡಿಲಿಸಿ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ, ಮತ್ತೆ ಬ್ರೇಕ್ ತುಳಿದು ಪಿಗೆ ಹಾಕಬೇಕು. ಇನ್ನು, ಗಾಡಿ ಪಿಯಲ್ಲಿದ್ದರೂ ಕೀ ಹೊರಗೆ ಬರುತ್ತಿಲ್ಲ ಎಂದು ಫೋನು ಮಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ‘ಗೇರಿನ ಹತ್ತಿರ ಟೀ ಚೆಲ್ಲಿತ್ತಾ?’ ಕೋಲು ಪಿಯಲ್ಲಿದೆ ಎಂದು ಹೇಳುವ ಪುಟ್ಟ ಸ್ವಿಚ್ಚು ಅಲ್ಲಿಯೇ ಅಡಗಿರುತ್ತದೆ. ಸಕ್ಕರೆ ಪಾಕದಲ್ಲಿ ಅದು ಅಂಟಿಕೊಂಡರೆ ಎರಡನೆಯ ಸಾಕ್ಷಿ ಮೂಕನಾಗುತ್ತಾನೆ.

ಈಗ ಚನ್ನರಾಯಪಟ್ಟಣದ ವಿಷಯಕ್ಕೆ ಬರುತ್ತೇನೆ. ಹೆದ್ದಾರಿಯ ಬದಿಯ ಹೋಟೆಲಿನ ಮುಂದೆ ಒಂದು ಕುಟುಂಬ ಸಿಕ್ಕಿಕೊಂಡಿತ್ತು. ಮದುವೆಗೆ ಹೊರಟವರು, ಮುಹೂರ್ತಕ್ಕೆ ಎರಡು ಗಂಟೆ ಉಳಿದಿತ್ತು. ಇಂಥ ಹೊತ್ತಿಗೆಂದೇ ಹಲವು ಗಾಡಿಗಳಲ್ಲಿ ಕೋಲಿನ ಪಕ್ಕ ಒಂದು ಪುಟ್ಟ ಮುಚ್ಚಳ ಇಟ್ಟಿರುತ್ತಾರೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬ್ರೇಕ್ ತುಳಿದು, ಮುಚ್ಚಳ ಎಬ್ಬಿಸಿ ಒಳಗಿನ ಗುಂಡಿಯನ್ನು ಕೀಯಿಂದ ಒತ್ತಿದರೆ ಕಡ್ಡಿ ಸರಿದು ಕೋಲು ಎನ್‌ಗೆ ಬರುತ್ತದೆ. ನಾನು ಫೋನಿನಲ್ಲೇ ಹೇಳಿಕೊಟ್ಟೆ. ಮೊದಲು ಬ್ರೇಕ್ ದೀಪ ಹೊತ್ತುತ್ತಿದೆಯೇ ಎಂದು ನೋಡಿಸಿದೆ, ಹೊತ್ತುತ್ತಿತ್ತು. ಅವರು ಮದುವೆ ಮುಟ್ಟಿದರು. ಮರುದಿನ ಗಾಡಿ ತಂದು, ‘ಅಣ್ಣಾ, ಆ ಗುಂಡಿ ಯಾವಾಗ್ಲೂ ಒತ್ತಿದ ಹಾಗೇ ಇರೋ ಥರ ಮಾಡಿಕೊಡಿ. ಈ ಲಾಕಿನ ಕಾಟವೇ ಬೇಡ’ ಎಂದರು.

ಒಂದು ತುಂಡು ವೈರಿನಿಂದ ಐದು ನಿಮಿಷದಲ್ಲಿ ಆಗುವ ಕೆಲಸ ಅದು. ನಾನು ಒಪ್ಪಲಿಲ್ಲ. ಅವರು ಮುನಿಸಿಕೊಂಡೇ ಗಾಡಿ ಬಿಟ್ಟು ಹೋದರು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಅದಕ್ಕೂ ಹಿಂದಿನ ವರ್ಷ ಹಾಗೆಯೇ ಬೀಗ ಕಟ್ಟಿಹಾಕಿದ್ದ ಒಂದು ಗಾಡಿ ನನ್ನ ಶೆಡ್ಡಿಗೆ ಬಂದಿತ್ತು. ಎಲ್ಲಿಯೋ ಮಾಡಿಸಿಕೊಂಡಿದ್ದರು. ಇಳಿಜಾರಿನ ಅಂಗಳ, ಎಸಿಗೆಂದು ಎಂಜಿನ್ ಓಡುತ್ತಿತ್ತು, ಅಪ್ಪ ಗೇಟು ತೆಗೆಯಲು ಇಳಿದಿದ್ದರು. ಮುಂದಿನ ಸೀಟಿನ ಐದು ವರ್ಷದ ಮಗು ಆಟಕ್ಕೆ ಕೋಲು ಎಳೆಯಿತು. ಬೀಗವಿದ್ದಿದ್ದರೆ ಆ ಪುಟ್ಟ ಕಾಲು ಬ್ರೇಕನ್ನು ಮುಟ್ಟದೆ ಕೋಲು ಅಲ್ಲಾಡುತ್ತಿರಲಿಲ್ಲ. ಗಾಡಿ ಉರುಳಿ ತೆಂಗಿನ ಮರಕ್ಕೆ ಹೊಡೆಯಿತು. ಮಗು ಉಳಿಯಿತು, ತುಟಿಗೆ ಮೂರು ಹೊಲಿಗೆ. ಆ ಅಪ್ಪ ಗೇಟಿನ ಬಳಿಯಲ್ಲಿ ಇನ್ನೆರಡು ಹೆಜ್ಜೆ ಬಲಕ್ಕೆ ನಿಂತಿದ್ದರೆ ಏನಾಗುತ್ತಿತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ 2002ರಲ್ಲಿ ಕ್ಯಾಮರಾನ್ ಗುಲ್‌ಬ್ರಾನ್ಸನ್ ಎಂಬ ಎರಡು ವರ್ಷದ ಮಗು, ತಂದೆ ಹಿಂದಕ್ಕೆ ತೆಗೆಯುತ್ತಿದ್ದ ಗಾಡಿಗೆ ಸಿಕ್ಕಿ ತೀರಿಹೋಯಿತು. ಆ ಮಗುವಿನ ಹೆಸರಿನಲ್ಲಿ 2008ರಲ್ಲಿ ಒಂದು ಕಾನೂನೇ ಬಂತು. ಹಿಂದೆ ಏನಿದೆ ಎಂಬುದು ಚಾಲಕನಿಗೆ ಕಾಣಬೇಕು ಎಂಬ ನಿಯಮದ ಜೊತೆಗೆ, 2010ರ ಸೆಪ್ಟೆಂಬರಿನಿಂದ ತಯಾರಾಗುವ ಆಟೊಮ್ಯಾಟಿಕ್ ಗಾಡಿಗಳಲ್ಲಿ ಬ್ರೇಕ್ ತುಳಿಯದೆ ಪಿ ಬಿಡಬಾರದು ಎಂಬುದನ್ನೂ ಅದು ಕಡ್ಡಾಯ ಮಾಡಿತು. ಮಕ್ಕಳನ್ನು ಕಳೆದುಕೊಂಡವರ ಹೋರಾಟದಿಂದ ಕಡ್ಡಾಯವಾದ ಬೀಗವನ್ನು ನಾವು ಒಂದು ತುಂಡು ವೈರಿನಿಂದ ಬಾಯಿ ಮುಚ್ಚಿಸುತ್ತೇವೆ.

ಹೊಸ ಗಾಡಿಗಳಲ್ಲಿ ಕೋಲಿಗೂ ಗೇರ್‌ಬಾಕ್ಸಿಗೂ ಕೇಬಲ್ಲಿನ ನಂಟೂ ಕಡಿದು ಹೋಗುತ್ತಿದೆ. ಗುಂಡಿ ಒತ್ತಿದರೆ ಅಥವಾ ತಿರುಗಣೆ ತಿರುಗಿಸಿದರೆ ಒಂದು ಸಣ್ಣ ಮೋಟಾರು ಪಿಯನ್ನು ಹಾಕುತ್ತದೆ, ತೆಗೆಯುತ್ತದೆ. ಬ್ಯಾಟರಿ ಕಾರುಗಳಲ್ಲಿ ಇದು ಈಗ ಸಾಮಾನ್ಯ. ದೊಡ್ಡ ಬ್ಯಾಟರಿ ತುಂಬಿದ್ದರೂ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ಪಿ ಬಿಡದೆ ನಿಂತ ಕಾರುಗಳನ್ನು ನೋಡಿದ್ದೇನೆ. ಅಂಥದ್ದನ್ನು ಹಗ್ಗ ಕಟ್ಟಿ ಎಳೆಯಬಾರದು. ಇನ್ನು, ಕೋಲು ಕೈಗೆ ತಿಳಿಸುತ್ತಿದ್ದ ಸುದ್ದಿಯೂ ಇಲ್ಲವಾಗುತ್ತಿದೆ. 2016ರ ಏಪ್ರಿಲ್‌ನಲ್ಲಿ ಫಿಯಟ್ ಕ್ರೈಸ್ಲರ್ ಕಂಪನಿ 11 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆದದ್ದು ಇದೇ ಕಾರಣಕ್ಕೆ. ಅವುಗಳ ಕೋಲು ಪ್ರತಿ ಸಲವೂ ನಡುವಿಗೆ ಮರಳುತ್ತಿತ್ತು, ಪಿ ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಆ ವರ್ಷದ ಜೂನ್‌ನಲ್ಲಿ ಆಂಟನ್ ಯೆಲ್ಚಿನ್ ಎಂಬ ಯುವ ನಟ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ, ಆ ಸರಣಿಗೆ ಸೇರಿದ ತನ್ನದೇ ಗಾಡಿ ಉರುಳಿ ತೀರಿಕೊಂಡ.

ಇಷ್ಟೆಲ್ಲ ಬದಲಾವಣೆಯ ನಡುವೆ ನನ್ನ ಶೆಡ್ಡಿನ ಹುಡುಗರು ಏನನ್ನು ಓದಿ ಕಲಿಯಬೇಕು? ಗಾಡಿಗಳ ವೈರಿಂಗ್ ನಕ್ಷೆ ಸಿಕ್ಕರೆ ಇಂಗ್ಲಿಷಿನಲ್ಲಿ, ಹೆಚ್ಚಿನವು ಸಿಗುವುದೇ ಇಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಮತ್ತು ದೋಷ ಹುಡುಕುವ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂಬ ಜಾಲತಾಣ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯದೇ. ಆದರೆ ದಿಲ್ಲಿಯ ಆ ಮಾತು ಬಿ.ಎಂ. ರಸ್ತೆಯ ಶೆಡ್ಡಿಗೆ ಬಂದು ಮುಟ್ಟುವವರೆಗೆ ನಾನೊಂದು ದಾರಿ ಮಾಡಿಕೊಂಡಿದ್ದೇನೆ. ಪ್ರತಿ ಗಾಡಿಯ ಕೆಲಸ ಮುಗಿದ ಮೇಲೆ ಹುಡುಗರಿಂದ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ತುಳಿದಾಗ ಎಷ್ಟು ವೋಲ್ಟ್, ಬಿಟ್ಟಾಗ ಎಷ್ಟು, ದೋಷ ಎಲ್ಲಿ ಸಿಕ್ಕಿತು. ಎಲ್ಲವೂ ಕನ್ನಡದಲ್ಲಿ. ಈಗ ಏಳನೆಯ ಪುಸ್ತಕ ನಡೆಯುತ್ತಿದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಬಂದ ಹುಡುಗನೊಬ್ಬ ಅದರಲ್ಲಿ ಬಿಡಿಸುವ ನಕ್ಷೆಗಳು ಅಚ್ಚಾಗಿ ಬಂದವೇನೋ ಎನ್ನುವಷ್ಟು ನೇರವಾಗಿವೆ. ಉಸ್ತಾದರ ತಲೆಯಲ್ಲಿದ್ದದ್ದು ಅವರ ಜೊತೆಗೇ ಹೋಯಿತು. ಇದು ಉಳಿಯಲಿ ಎಂಬುದು ನನ್ನಾಸೆ.

ನಿಮ್ಮ ಮನೆಯಲ್ಲಿ ಪಿ ಇರುವ ಗಾಡಿ ಇದ್ದರೆ ವಾರಕ್ಕೊಮ್ಮೆ ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಮೂರು ದೀಪವೂ ಹೊತ್ತಲಿ, ಕಾಲು ತೆಗೆದಾಗ ಮೂರೂ ಆರಲಿ. ಒಂದು ದಿನ ಗೇರು ಪಿ ಬಿಡದಿದ್ದರೆ ಬೈಯಬೇಡಿ, ಬಲವಂತವಾಗಿ ಎಳೆಯಲೂ ಬೇಡಿ. ಮೆಕ್ಯಾನಿಕ್ ಬಂದು ಯಾವ ಭಾಗವನ್ನೂ ಬದಲಾಯಿಸದೆ ಸರಿ ಮಾಡಿ ಕೊಟ್ಟರೆ, ಅವನು ಹುಡುಕಿದ ಹೊತ್ತಿನ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಮುಂದಿನ ಮನೆಯ ಗಾಡಿಗೆ ಹೋದಾಗಲೂ ಅವನು ಮೊದಲು ಹುಡುಕುತ್ತಾನೆ.